ಹಳ್ಳದ ಗಂಟು, ತೋಪಿನ ಗುಂಡು

೪ ಡಿಸೆಂಬರ್ ೧೯೭೧, ಶನಿವಾರ. ಅರಕೇರಾ

ಯುದ್ಧ ಶುರುವಾಯಿತು. ಪಂಚಾಯಿತಿ ರೇಡಿಯೋ ಬೆಳಿಗ್ಗೆಯಿಂದ ಅದನ್ನೇ ಒದರುತ್ತಿದೆ. ಊರಿನ ಗಂಡಸರೆಲ್ಲ ನಮ್ಮ ಕಟ್ಟೆಗೆ ಬಂದು ಕುಳಿತರು. ಯಾಕೆಂದರೆ ಈ ಊರಿನಲ್ಲಿ ಯುದ್ಧ ನೋಡಿದವನು ನಾನೊಬ್ಬನೇ. ಬರ್ಮಾದಲ್ಲಿ ಗುಡ್ಡದ ತೋಪಿನ ಪಲ್ಟಣದಲ್ಲಿ ಹೇಸರಗತ್ತೆ ಹೊಡೆದವನು. ಈಗ ನನ್ನ ಮಗ ಪರಮಣ್ಣ ಅದೇ ಕೆಲಸದಲ್ಲಿ ಕಾಶ್ಮೀರದ ಕಡೆ ಇದ್ದಾನೆ.

ಪಕ್ಕದ ಮನೆಯ ಬೂದೆಪ್ಪ ಕೇಳಿದ: "ಮಾಳಿಂಗಪ್ಪಣ್ಣಾ, ಗುಡ್ಡದ ಮ್ಯಾಲ ತೋಪು ಹ್ಯಾಂಗ ಏರಸ್ತಾರ? ಲಾರಿ ಹೋಗೂದಿಲ್ಲಲಾ?"

ಹೇಳಿದೆ. ತೋಪನ್ನು ಬಿಚ್ಚಿ ತುಂಡು ತುಂಡು ಮಾಡಿ ಹೇಸರಗತ್ತೆಗಳ ಮೇಲೆ ಹೇರುತ್ತಾರೆ, ಮೇಲೆ ಮುಟ್ಟಿದ ಮೇಲೆ ಮತ್ತೆ ಜೋಡಿಸುತ್ತಾರೆ. ತೋಪು ಒಮ್ಮೆ ಏರಿದರೆ ಮುಗಿಯಿತು. ಗುಂಡಿನ ಪೆಟ್ಟಿಗೆಗಳು ಮಾತ್ರ ದಿನವೂ ಏರಬೇಕು. ಅವು ಮುಟ್ಟದಿದ್ದರೆ ಮುಂದೆ ಹೋದ ಕಾಲಾಳು ಹುಡುಗರು ಸಾಯುತ್ತಾರೆ. ಅದಕ್ಕೇ ನಮ್ಮಲ್ಲಿ ಮೊದಲು ಗುಂಡು, ಆಮೇಲೆ ಕತ್ತೆ, ಆಮೇಲೆ ಅದನ್ನು ಹಿಡಿದವನು ಎಂದೆ. ಎಲ್ಲರೂ ತಲೆ ಆಡಿಸಿದರು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಸೊಸೆ ಕರೆಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಮೂರ್ನೇದಾಂವ ನನ್ನ ಗಂಡೇನ್ ಮಾವಾ?"

ಗಂಡಸರು ಒಬ್ಬೊಬ್ಬರಾಗಿ ಎದ್ದರು. ಬೂದೆಪ್ಪನಿಗೆ ಇದ್ದಕ್ಕಿದ್ದಂತೆ ಎಮ್ಮೆಯ ನೆನಪಾಯಿತು.

"ಮಾನ್ವಿ ವಿರೂಪಣ್ಣ ಸಾವ್ಕಾರ್ರು ಅಕ್ಕಿ ಗಿರಣ್ಯಾಗ ಕೆಲಸ ಕೊಡ್ತೀನಿ ಅಂದಿದ್ರು. ಗಿರಣಿ ಕಾಯೂದು ಗಂಡಸ್ರ ಕೆಲಸಲ್ಲ ಅಂತ ಹೇಳಿ ಪಲ್ಟಣಕ್ಕ ಅಟ್ಟಿದವ್ರು ನೀವು. ನಮ್ಮಪ್ಪ ಡ್ರೈವರ್ ಅಂದ್ರ ಲಾರಿ ಅಂತ ತಿಳಕೊಂಡು ನನ್ನ ಕೊಟ್ಟ."

"ಪಲ್ಟಣದಾಗ ಹೇಸರಗತ್ತಿ ಹಿಡ್ದಾಂವಗೂ ಡ್ರೈವರ್ ಅಂತಾರ. ನಾ ಸುಳ್ಳೇನ್ ಹೇಳಿಲ್ಲ."

"ಹಂಗಾದ್ರ ತೋರಿಸ್ರಿ. ಅಂವ ಅಲ್ಲಿ ಏನ್ ಮಾಡಾಕತ್ತಾನ ಅಂತ ನನ್ನ ಕಣ್ಣೀಲೆ ನೋಡ್ಬೇಕು. ಅಲ್ಲೀತನಕ ನಿಮ್ಮ ಕೂಡ ಮಾತಿಲ್ಲ."

ಹೆಂಗಸಿಗೆ ಯುದ್ಧ ತೋರಿಸಬೇಕಂತೆ. ಬೈದು ಒಳಗೆ ಕಳಿಸಿದೆ. ರೊಟ್ಟಿ ಸೀದಿತ್ತು, ತಿಂದೆ.

೫ ಡಿಸೆಂಬರ್, ಭಾನುವಾರ

ನಿಜವಾಗಿಯೂ ಮಾತು ಬಿಟ್ಟಿದ್ದಾಳೆ. ನನಗೆ ಹೇಳಬೇಕಾದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಾಳೆ. "ಉಣ್ಣಾಕ ಬಾ ಅಂತ ಹೇಳು ಅವ್ರಿಗಿ." ಬೆಕ್ಕು ಬಂದು ನನ್ನ ಮುಖ ನೋಡುತ್ತದೆ. ನಾನು ಸೋತೆ ಎಂದಲ್ಲ, ಬೆಕ್ಕಿನ ಕಾಟ ತಾಳದೆ ತೋರಿಸಲು ಒಪ್ಪಿದೆ.

ಅರಕೇರಾದಲ್ಲಿ ಹೇಸರಗತ್ತೆ ಎಲ್ಲಿಂದ ತರುವುದು? ಕುರಿ, ಕತ್ತೆ ಎಲ್ಲ ನನ್ನ ತಮ್ಮನ ಜೊತೆ ಮಾನ್ವಿ ಕಡೆಯ ನೀರಾವರಿ ಗದ್ದೆಗಳಲ್ಲಿ ಬೀಡುಬಿಟ್ಟಿವೆ. ಮನೆಯಲ್ಲಿ ಉಳಿದದ್ದು ಸಾವ್ಕಾರ್ತಿ ಒಬ್ಬಳೇ. ಹಳೆಯ ಕತ್ತೆ. ನಡಿಗೆ ನೋಡಿ ಇಟ್ಟ ಹೆಸರು. ಯಾರು ಕರೆದರೂ ಮೊದಲು ತಿರುಗಿ ನೋಡಿ, ಇವರ ಮಾತು ಕೇಳಬೇಕೋ ಬೇಡವೋ ಎಂದು ಯೋಚಿಸಿ, ಆಮೇಲೆ ಕಾಲೆತ್ತುತ್ತಾಳೆ.

ಗುಂಡಿನ ಪೆಟ್ಟಿಗೆಗಳ ಬದಲಿಗೆ ಒಂದು ಕಡೆ ಮರಳಿನ ಚೀಲ, ಇನ್ನೊಂದು ಕಡೆ ಮನೆಯ ಬೀಸುವ ಕಲ್ಲು. ಎರಡೂ ಬದಿ ಸರಿತೂಕ ಇರಬೇಕು, ಒಂದು ಹಿಡಿ ಹೆಚ್ಚಾದರೂ ಏರಿನಲ್ಲಿ ಹೇರು ತಿರುಗುತ್ತದೆ ಎಂದು ವಿವರಿಸಿದೆ.

"ನಾಳಿ ರೊಟ್ಟಿಗಿ ಹಿಟ್ಟು ಯಾರ ಮನ್ಯಾಗ ಬೀಸ್ಲಿ ಅಂತ ಕೇಳು" ಎಂದು ಸಾವ್ಕಾರ್ತಿಗೆ ಹೇಳಿದಳು.

ಕೇಳದವನಂತೆ ಹಗ್ಗ ಬಿಗಿದೆ. ನಾವು ಕುರಿಗಾರರು ಹಾಕುವ ಗಂಟನ್ನೇ ಹಾಕಿದೆ. ಅದಕ್ಕೆ ಹಳ್ಳದ ಗಂಟು ಅನ್ನುತ್ತೇವೆ. ಮಳೆಗಾಲದಲ್ಲಿ ಹಳ್ಳ ದಾಟುವಾಗ ಕತ್ತೆಯ ಎರಡೂ ಬದಿಗೆ ಜಾಳಿಗೆ ಕಟ್ಟಿ ಎಳೆಯ ಕುರಿಮರಿಗಳನ್ನು ಅದರಲ್ಲಿ ಹಾಕಿರುತ್ತೇವೆ. ಕತ್ತೆ ನೀರಲ್ಲಿ ಮುಗ್ಗರಿಸಿದರೆ ಹಗ್ಗದ ತುದಿ ಒಮ್ಮೆ ಎಳೆದರೆ ಸಾಕು, ಹೇರೆಲ್ಲ ಕಳಚುತ್ತದೆ. ಕತ್ತೆ ಏಳುತ್ತದೆ, ಮರಿಗಳನ್ನು ನಾವು ಎತ್ತಿಕೊಳ್ಳುತ್ತೇವೆ. ಪರಮಣ್ಣ ಸರಿಯಾಗಿ ಮಾತು ಕಲಿಯುವ ಮೊದಲೇ ಈ ಗಂಟು ಕಲಿತವನು.

"ನಡಿಯುವಾಗ ಮುಂದಿನ ಹಗ್ಗ ಎಲ್ಲಿ ಹಿಡೀತಾನ?" ಬೆಕ್ಕನ್ನೂ ಕತ್ತೆಯನ್ನೂ ಬಿಟ್ಟು ನನ್ನನ್ನೇ ಕೇಳಿಬಿಟ್ಟಳು.

"ಮುಂಗೈಗಿ ಸುತಗೊಂತಾನ. ಗುಂಡಿನ ಸಪ್ಪಳಕ್ಕ ಬೆದರಿ ಓಡಿ ಹೋಗಬಾರ್ದಲಾ."

ಹಗ್ಗವನ್ನು ತನ್ನ ಮುಂಗೈಗೆ ಸುತ್ತಿಕೊಂಡು ನಿಂತಳು. ಅದೇ ಹೊತ್ತಿಗೆ ಸಾವ್ಕಾರ್ತಿಗೆ ತಿಪ್ಪೆಯ ಕಡೆ ಹೋಗಬೇಕೆನಿಸಿತು. ಕರೆಮ್ಮನೂ ತಿಪ್ಪೆಯ ಕಡೆ ಹೋದಳು. ನಾನು ನಕ್ಕೆ. ಅವಳು ನಗಲಿಲ್ಲ, ತನ್ನ ಮುಂಗೈಯನ್ನೇ ನೋಡುತ್ತಿದ್ದಳು.

೭ ಡಿಸೆಂಬರ್, ಮಂಗಳವಾರ

ಇವತ್ತು ಊರಾಚೆಯ ಗುಡ್ಡ ಹತ್ತಿಸಿದೆವು. ಕರೆಮ್ಮ ಮುಂದೆ, ಸಾವ್ಕಾರ್ತಿ ನಡುವೆ, ಬೈಯುವುದಕ್ಕೆ ನಾನು ಹಿಂದೆ.

ಅರ್ಧ ಏರಿದ ಮೇಲೆ ಜಾರುಬಂಡೆ ಬಂತು. ಸಾವ್ಕಾರ್ತಿಯ ಹಿಂಗಾಲು ತಪ್ಪಿತು. ಹೇರು ಒಂದು ಬದಿಗೆ ಎಳೆಯಿತು, ಕತ್ತೆ ಕೆಳಗೆ ಜಾರತೊಡಗಿತು, ಹಗ್ಗ ಸುತ್ತಿದ ಕರೆಮ್ಮನನ್ನೂ ಎಳೆಯಿತು. ನಾನು ಒದರಿದೆ: "ಗುಂಡು! ಗುಂಡು ಹಿಡಿ!"

ಅವಳು ಗುಂಡು ಹಿಡಿಯಲಿಲ್ಲ. ಇನ್ನೊಂದು ಕೈ ಚಾಚಿ ಗಂಟಿನ ತುದಿ ಎಳೆದಳು. ಹೇರು ಕಳಚಿ ಬಿತ್ತು, ಸಾವ್ಕಾರ್ತಿ ಎದ್ದು ನಿಂತು ಮೈ ಕೊಡವಿಕೊಂಡಳು. ಮರಳಿನ ಚೀಲ ಅಲ್ಲೇ ಒಡೆಯಿತು. ಬೀಸುವ ಕಲ್ಲು ಮಾತ್ರ ಪುಟಿಯುತ್ತ ಕೆಳಗೆ ಹೋಯಿತು. ಗುಡ್ಡದ ಬುಡದಲ್ಲಿ ತಂಬಿಗೆ ಇಟ್ಟುಕೊಂಡು ಕುಳಿತಿದ್ದ ಬೂದೆಪ್ಪನ ಪಕ್ಕದಲ್ಲೇ ಹಾದು ತಂಬಿಗೆಯನ್ನು ಚಪ್ಪಟೆ ಮಾಡಿತು.

"ಬಂದ್ರೋ! ಬಂದ್ರಲೇ ಯಪ್ಪಾ, ಅರಕೇರಾಕ್ಕ ಬಂದ್ರು!" ಎಂದು ಕೂಗುತ್ತ ಬೂದೆಪ್ಪ ಧೋತರ ಕೈಯಲ್ಲಿ ಹಿಡಿದು ಊರ ಕಡೆ ಓಡಿದ.

ನಾನು ಕರೆಮ್ಮನ ಮೇಲೆ ಹರಿಹಾಯ್ದೆ. "ಗುಂಡು ಹೋತಲಾ! ಮ್ಯಾಲ ತೋಪು ಬಾಯಿ ತಕ್ಕೊಂಡು ಕುಂತದ. ಅವ್ರಿಗಿ ಏನ್ ಹೇಳ್ತಿ?"

"ಕತ್ತಿ ನಿಂತದ. ನಾ ನಿಂತೀನಿ. ನೀವ್ಯಾಕ ಒದರಾಕತ್ತೀರಿ?" ಅಂದಳು. ಆಮೇಲೆ ಓಡುತ್ತಿದ್ದ ಬೂದೆಪ್ಪನನ್ನು ನೋಡಿದಳು. ಬಂಡೆಯ ಮೇಲೆ ಕುಳಿತು ಹೊಟ್ಟೆ ಹಿಡಿದು ನಕ್ಕಳು. ಮಗ ರಜೆ ಮುಗಿಸಿ ಹೋದ ಮೇಲೆ ಆ ನಗೆ ನಾನು ಕೇಳಿರಲಿಲ್ಲ.

ಬೀಸುವ ಕಲ್ಲು ಸೀಳಿದೆ. ಬೂದೆಪ್ಪನಿಗೆ ತಂಬಿಗೆ ಕೊಡಿಸಬೇಕು.

ಒಂದು ಮಾತು ತಲೆಯಲ್ಲಿ ಕುಳಿತಿದೆ. ಪರಮಣ್ಣ ಅಲ್ಲಿ ಯಾವ ಗಂಟು ಹಾಕುತ್ತಿದ್ದಾನೆ?

೯ ಡಿಸೆಂಬರ್, ಗುರುವಾರ. ರಾಯಚೂರು

ಬಸ್ಸು ಹಿಡಿದು ಅಲ್ಲಾಉದ್ದೀನನ ಹತ್ತಿರ ಬಂದೆ. ಬರ್ಮಾದಲ್ಲಿ ನಮ್ಮ ಪಲ್ಟಣದ ಪ್ರಾಣಿಗಳಿಗೆ ಲಾಳ ಹೊಡೆಯುತ್ತಿದ್ದವನು. ಈಗ ಸ್ಟೇಷನ್ ಹತ್ತಿರ ಟಾಂಗಾ ಕುದುರೆಗಳಿಗೆ ಹೊಡೆಯುತ್ತಾನೆ. ಈಗಿನ ಪಲ್ಟಣದಲ್ಲಿ ಹಳ್ಳದ ಗಂಟು ನಡೆಯುತ್ತದೆಯೇ ಎಂಬ ನನ್ನ ಪ್ರಶ್ನೆಯನ್ನು ಕುದುರೆಯ ಕಾಲು ತೊಡೆಯ ಮೇಲಿಟ್ಟುಕೊಂಡೇ ಕೇಳಿಸಿಕೊಂಡ. ಕೇಳಿ ಬಾಯಲ್ಲಿದ್ದ ಮೊಳೆಗಳನ್ನು ಉಗುಳಿ ನಕ್ಕ.

"ಲೇ ಮಾಳ್ಯಾ, ಆ ಹಳ್ಳದ ಗಂಟು ಹಾಕಿದ್ದಕ್ಕ ನೀ ಮೈದಾನ ಸುತ್ತ ಎಷ್ಟ್ ಸಲ ಓಡಿದಿ, ಮರ್ತಿಯೇನು?"

ಮರೆತಿಲ್ಲ. ಕಟ್ಟೆಯ ಮೇಲೆ ಹೇಳಿಲ್ಲ, ಅಷ್ಟೆ.

ಪಲ್ಟಣದ ಗಂಟು ಹಾಕಿ ತೋರಿಸಿದ. ಭಾರ ಬಿದ್ದಷ್ಟೂ ಬಿಗಿಯುವ ಗಂಟು. ಹೇರು ಬೀಳುವುದೇ ಇಲ್ಲ.

"ಪ್ರಾಣಿ ಬಿದ್ರ ಬಿಚ್ಚೂದು ಹ್ಯಾಂಗ?"

"ಚಾಕು. ಚಾಕು ತಗಿಯೂ ಹೊತ್ತಿದ್ರ."

"ಇಲ್ದಿದ್ರ?"

ಅಲ್ಲಾಉದ್ದೀನ ಕುದುರೆಯ ಕಾಲು ಕೆಳಗಿಟ್ಟ. "ನಿನ್ನ ಮಗಗ ಯಾವ್ ಗಂಟು ಬರ್ತದ?"

"ಎರಡೂ ಬರ್ತಾವ."

"ಯಾವ್ದು ಹಾಕ್ತಾನ?"

ಏನು ಮನುಷ್ಯ ಇವನು! ಕೇಳಲು ಬಂದವನನ್ನೇ ಕೇಳುತ್ತಾನೆ. ಸಿಟ್ಟು ನೆತ್ತಿಗೇರಿತು. ತರಿಸಿದ ಚಹಾ ಬಿಟ್ಟು ಎದ್ದು ಬಂದೆ. ಬಸ್ಸಿನಲ್ಲಿ ಕುಳಿತ ಮೇಲೆ ಚಹಾದ ನೆನಪಾಗಿ ಇನ್ನಷ್ಟು ಸಿಟ್ಟು ಬಂತು.

೧೦ ಡಿಸೆಂಬರ್, ಶುಕ್ರವಾರ. ದೇವದುರ್ಗ

ಮಗನಿಗೆ ಕಾರ್ಡು ಬರೆಯಲು ಅಂಚೆ ಕಚೇರಿಗೆ ಬಂದೆ. ಕರೆಮ್ಮನೂ ಬೆನ್ನು ಬಿಡದೆ ಬಂದಳು. ಅಲ್ಲಿದ್ದ ಲೇಖನಿಯನ್ನು ಯಾರೂ ಕದ್ದೊಯ್ಯದಂತೆ ದಾರದಲ್ಲಿ ಕಟ್ಟಿದ್ದರು. ಆ ದಾರ ಎಷ್ಟು ಗಿಡ್ಡ ಎಂದರೆ, ಬರೆಯುವವನು ಮೇಜಿಗೆ ಕೆನ್ನೆ ತಾಗಿಸಿ ಬರೆಯಬೇಕು.

"ಹಳ್ಳದ ಗಂಟ ಹಾಕು ಅಂತ ಬರೀರಿ" ಅಂದಳು.

"ಪಲ್ಟಣದ ಗಂಟು ಹಾಕು ಅಂತ ಬರೀತೀನಿ. ಮುಂದ ಹೋದ ಹುಡುಗ್ರು ಏನ್ ಹಾದ್ಯಾಗ ಬಿದ್ದವರೇನ್ ಬೇ? ಅವ್ರಿಗಿ ತಾಯಿ ಇಲ್ಲೇನು? ಹೇಣ್ತಿ ಇಲ್ಲೇನು?"

ಜಗಳ ಮಾಡುತ್ತಾಳೆ ಎಂದು ಸಿದ್ಧನಾಗಿದ್ದೆ. ಅವಳು ಸೆರಗಿನ ಅಂಚು ತಿರುವುತ್ತ ನಿಂತಳು. "ಅದಾರ" ಎಂದಳು.

"ಹಂಗಾದ್ರ?"

"ಹಂಗಾದ್ರ ನನಗೂ ತಿಳೀವಲ್ದು ಮಾವಾ."

ನನಗೆ ತಿಳಿದಿತ್ತು. ತಿಳಿದಿದ್ದರಿಂದಲೇ ಲೇಖನಿ ಹಿಡಿದೆ. ಹೀಗೆ ಬರೆದೆ: ‘ಚಿರಂಜೀವಿ ಪರಮಣ್ಣನಿಗೆ. ಇಲ್ಲಿ ಎಲ್ಲ ಕ್ಷೇಮ. ಕುರಿ ಮಾನ್ವಿ ಕಡೆ ಇವೆ. ಸಾವ್ಕಾರ್ತಿ ಚೆನ್ನಾಗಿದ್ದಾಳೆ. ಕಿವಿ ಮುಚ್ಚಿ ಮಫ್ಲರ್ ಕಟ್ಟಿಕೋ. ಕಾಲುಚೀಲ ಒದ್ದೆಯಾದರೆ ಒಣಗಿಸಿ ಹಾಕಿಕೋ.’ ಗಂಟಿನ ವಿಷಯ ಬರೆಯಲು ಜಾಗ ಸಾಲಲಿಲ್ಲ.

ಅರ್ಧ ಕಾರ್ಡು ಖಾಲಿ ಇದೆಯಲ್ಲ ಎಂದು ಕರೆಮ್ಮ ಅಂದಳು. ಓದಲು ಬಾರದವರಿಗೆ ಖಾಲಿ ಮಾತ್ರ ಕಾಣುತ್ತದೆ.

೧೨ ಡಿಸೆಂಬರ್, ಭಾನುವಾರ

ಮೊಣಕಾಲು ಹಿಡಿದಿದೆ. ಗುಡ್ಡಕ್ಕೆ ಹೋಗಲಿಲ್ಲ. ಎರಡು ಮರಳಿನ ಚೀಲ ಹೇರಿಕೊಂಡು ಅವಳೊಬ್ಬಳೇ ಸಾವ್ಕಾರ್ತಿಯನ್ನು ಹತ್ತಿಸಿ ಇಳಿಸಿಕೊಂಡು ಬಂದಳು. ಯಾವ ಗಂಟು ಹಾಕಿದ್ದಳು ಎಂದು ನಾನು ಕೇಳಲಿಲ್ಲ.

೧೪ ಡಿಸೆಂಬರ್, ಮಂಗಳವಾರ. ಮಾನ್ವಿ

ತಮ್ಮನ ಕುರಿ ನೋಡಲು ಬಂದಿದ್ದೆ. ವಿರೂಪಣ್ಣ ಸಾವುಕಾರರ ಅಕ್ಕಿ ಗಿರಣಿ ದಾರಿಯಲ್ಲೇ ಬಂತು. ದಾರಿ ಎಂದರೆ, ಹಳ್ಳದ ಆಚೆ ಸ್ವಲ್ಪ ಸುತ್ತು ಹಾಕಿದರೆ ಸಿಗುವ ದಾರಿ.

ಸಾವುಕಾರರು ಹಣೆಯ ವಿಭೂತಿಯ ಮೇಲೆ ಅಕ್ಕಿಯ ಧೂಳು ಬಿದ್ದು ಎರಡೂ ಒಂದೇ ಆಗಿ ಕುಳಿತಿದ್ದರು. ರೇಡಿಯೋ ಹಾಡುತ್ತಿತ್ತು. ಮಳೆ, ಬೆಳೆ, ಯುದ್ಧ ಎಲ್ಲ ಮಾತಾಡಿದೆವು. ಏಳುವಾಗ ಕಾವಲುಗಾರನ ಜಾಗ ಇನ್ನೂ ಖಾಲಿ ಇದೆಯೇ ಎಂದು ಕೇಳಿದೆ.

"ಯಾರಿಗ್ರಿ?"

"ಯಾರಿಗೂ ಇಲ್ರಿ. ಸುಮ್ನ ಕೇಳ್ದೆ."

"ನಿಮ್ಮ ಪರಮಣ್ಣಗೇನ್ರಿ ಮತ್ತ? ಹ್ವಾದ ಸಲ ನೀವ ಅಂದ್ರಿ, ಹೊಟ್ಟಿನ ಧೂಳಿನ್ಯಾಗ ಗಂಡಸು ಕುಂದ್ರಬಾರ್ದು ಅಂತ."

"ಈಗ ಧೂಳು ಕಡಿಮಿ ಆಗ್ಯಾದ ಅಂತ ಕೇಳಿದ್ದೆ."

ಸಾವುಕಾರರು ಸೀನಿದರು. "ಧೂಳು ಹಂಗs ಅದರೀ. ಜಾಗಾನೂ ಹಂಗs ಅದ" ಎಂದರು. ನಗಲಿಲ್ಲ. ಅದಕ್ಕೇ ಅವರ ಮೇಲೆ ಸಿಟ್ಟು ಮಾಡಲು ಆಗಲಿಲ್ಲ.

೧೮ ಡಿಸೆಂಬರ್, ಶನಿವಾರ. ಅರಕೇರಾ

ಯುದ್ಧ ನಿಂತಿತು. ಕಟ್ಟೆಯ ಮೇಲೆ ಬೆಲ್ಲ ಹಂಚಿದರು. ಬೂದೆಪ್ಪ ಚಪ್ಪಟೆ ತಂಬಿಗೆ ಹಿಡಿದು ಮನೆಮನೆಗೆ ತೋರಿಸುತ್ತಿದ್ದಾನೆ. "ಮಾಳಿಂಗಪ್ಪಣ್ಣ ಒಬ್ಬನs ಅಲ್ಲ, ನಾನೂ ಗುಂಡಿನ ಮುಂದ ಕುಂತಾಂವ" ಅನ್ನುತ್ತಾನೆ. ಹೊಸ ತಂಬಿಗೆ ಕೊಡಿಸುತ್ತೇನೆಂದರೆ ಬೇಡವಂತೆ.

ನನ್ನನ್ನು ಎರಡು ಮಾತಾಡಿ ಎಂದರು. ಮೊಣಕಾಲು ಹಿಡಿದಿದೆ ಎಂದು ಎದ್ದು ಬಂದೆ. ಗುಡ್ಡದ ಮೇಲೆ ಹೋದರೆ ಕರೆಮ್ಮ ಆಗಲೇ ಅಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಸಾವ್ಕಾರ್ತಿ. ಮೇಲಿನಿಂದ ದೇವದುರ್ಗದ ರಸ್ತೆಯೂ ಬಸ್ಸು ನಿಲ್ಲುವ ಜಾಗವೂ ಕಾಣುತ್ತವೆ. ನಾವು ಅದಕ್ಕಾಗಿ ಹೋಗಿದ್ದಲ್ಲ. ಕತ್ತೆಗೆ ರೂಢಿ ತಪ್ಪಬಾರದು.

೨೧ ಡಿಸೆಂಬರ್, ಮಂಗಳವಾರ

ನೆರೆಯೂರು ಮಸರಕಲ್ಲಿನ ಒಂದು ಮನೆಗೆ ತಂತಿ ಬಂತು. ಕಾಲಾಳು ಹುಡುಗ. ಮುಂದೆ ಹೋದವನು. ಹೋಗಿ ಕುಳಿತು ಬಂದೆ. ಅವನ ತಾಯಿ ಶಿವಬಸಮ್ಮನಿಗೆ ನಾನು ತೋಪಿನ ಪಲ್ಟಣದವನೆಂದು ಯಾರೋ ಹೇಳಿದರು. ನನ್ನ ಎದುರು ಬಂದು ಕುಳಿತಳು.

"ಯಪ್ಪಾ, ಹಿಂದಿಂದ ತೋಪು ಹೊಡಿತಿದ್ರೇನು ಅವ್ನ ಸಲುವಾಗಿ?"

"ಹೊಡಿತಿದ್ರವ್ವಾ. ಬಿಡದಂಗ ಹೊಡಿತಿದ್ರು."

ನನಗೇನು ಗೊತ್ತು?

ಮನೆಗೆ ಬಂದ ಮೇಲೆ ಕರೆಮ್ಮ ಬಾಗಿಲಲ್ಲೇ ನನ್ನ ಕಾಲಿಗೆ ನೀರು ಹಾಕಿದಳು.

೨೯ ಡಿಸೆಂಬರ್, ಬುಧವಾರ

ಬಸ್ಸು ಬಂತು. ಹೋಯಿತು.

೩ ಜನವರಿ ೧೯೭೨, ಸೋಮವಾರ

ಅಂಚೆಯವನನ್ನು ಬೈದೆ. ಕಾರ್ಡು ಇಲ್ಲ ಎಂದರೆ ನಾನೇನು ಮಾಡಲಿ ಎಂದ. ಹುಡುಕು ಎಂದೆ. ಪಾಪ, ನನ್ನ ಎದುರೇ ಚೀಲವನ್ನು ನೆಲಕ್ಕೆ ಸುರುವಿ ತೋರಿಸಿದ. ಕರೆಮ್ಮ ಅವನಿಗೆ ಮಜ್ಜಿಗೆ ಕೊಟ್ಟಳು. ಕಾಗದಗಳನ್ನು ಅವನ ಜೊತೆ ಕುಳಿತು ನಾನೂ ಚೀಲಕ್ಕೆ ತುಂಬಿಸಿದೆ.

೧೧ ಜನವರಿ, ಮಂಗಳವಾರ

ಗುಡ್ಡದ ಮೇಲಿದ್ದೆವು. ಬಸ್ಸಿನಿಂದ ಒಬ್ಬ ಇಳಿದ. ಟ್ರಂಕು ಇಳಿಸಿಕೊಂಡ. ಕುಂಟುತ್ತ ಎರಡು ಹೆಜ್ಜೆ ಇಟ್ಟ. ನನ್ನ ಕಣ್ಣಿಗೆ ಅಷ್ಟು ದೂರ ಯಾರೆಂದು ತಿಳಿಯಲಿಲ್ಲ. ಪಕ್ಕಕ್ಕೆ ತಿರುಗಿ ಕೇಳೋಣ ಎಂದರೆ ಕರೆಮ್ಮ ಇರಲಿಲ್ಲ, ಜಾರುಬಂಡೆ ದಾಟಿ ಅರ್ಧ ಗುಡ್ಡ ಇಳಿದಿದ್ದಳು. ನಾನು ಹಿಂದೆ ಉಳಿದೆ. ಯಾರಾದರೂ ಕತ್ತೆಯನ್ನು ತರಬೇಕಲ್ಲ. ಇವತ್ತು ಸಾವ್ಕಾರ್ತಿ ಯೋಚನೆ ಮಾಡದೆ ನಡೆದಳು. ನಾನೇ ನಡುನಡುವೆ ನಿಂತೆ, ಕಣ್ಣಿಗೆ ಧೂಳು ಬಿದ್ದಿತ್ತು.

ಮನೆಗೆ ಬಂದಾಗ ಪರಮಣ್ಣ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದ. ಇಳಿದುಹೋಗಿದ್ದಾನೆ. ಕಾಲಿಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದನಂತೆ, ಅಲ್ಲಿಂದ ರಜೆ ಕೊಟ್ಟು ಕಳಿಸಿದ್ದಾರೆ. ಕಾರ್ಡು ಯಾಕೆ ಬರೆಯಲಿಲ್ಲ ಎಂದು ಮೊದಲು ಬೈದೆ. ಬರೆದಿದ್ದನಂತೆ. ಹಾಗಾದರೆ ಅದು ಇನ್ನೂ ದಾರಿಯಲ್ಲಿದೆ.

"ಹಿಮದಾಗ ಜಾರ್ತು ಯಪ್ಪಾ" ಎಂದು ಶುರು ಮಾಡಿದ. "ಕತ್ತಿ ಅರ್ಧ ಕೆಳಗ ಹೋತು. ಹಗ್ಗ ನನ್ನ ಕೈಗಿ ಸುತ್ತಿತ್ತು..."

"ಯಾವ ಗಂಟು?" ನಾನೂ ಕರೆಮ್ಮನೂ ಒಟ್ಟಿಗೇ ಕೇಳಿದೆವು.

ಅವನು ಇಬ್ಬರನ್ನೂ ಬೆರಗಾಗಿ ನೋಡಿದ. "ಹಳ್ಳದ್ದು. ಎಳದೆ. ಪೆಟಗಿ ಎಲ್ಲಾ ಕೊಳ್ಳಕ್ಕ ಬಿದ್ವು. ಕತ್ತಿ ಎದ್ದು ನಿಂತು ನನ್ನ ಮಾರಿ ನೋಡ್ತು."

ಕರೆಮ್ಮ ಉಸಿರು ಬಿಟ್ಟಳು. ನಾನು ಬಿಡಲಿಲ್ಲ. "ಗುಂಡು?"

"ಹವಾಲ್ದಾರ ಏನ್ ಬೈದ ಅಂತೀರಿ! ನೀವs ಅಲ್ಲಿಗಿ ಬಂದೀರೇನೋ ಅನಿಸ್ತು. ಇಳಿ, ತಗೊಂಬಾ ಅಂದ. ಇಳ್ದೆ. ಒಂದೊಂದs ಪೆಟಗಿ ಬೆನ್ನಿಗಿ ಕಟಗೊಂಡು ಮ್ಯಾಲ ತಂದೆ. ಮತ್ತ ಕತ್ತಿ ಮ್ಯಾಲ ಹೇರಾಕ ಕೊಡ್ಲಿಲ್ಲ ಅಂವ. ತೋಪಿನತನಕ ನೀನs ಹೊರು ಅಂದ. ಹೊತ್ತು ಹೊತ್ತು ಕಡೀ ಪೆಟಗೀಗಿ ಕಾಲ ತಿರುಗ್ತು."

"ಕತ್ತಿ?" ಕರೆಮ್ಮ ಕೇಳಿದಳು.

"ನನ್ನ ಹಿಂದ ಖಾಲಿ ಬರ್ತಿತ್ತು, ದೊಡ್ಡ ಸಾಹೇಬ್ರಂಗ."

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ನಗೆಯೋ ಅಳುವೋ ನನಗೆ ತಿಳಿಯಲಿಲ್ಲ.

"ತಡ ಆತೇನು?" ಎಂದೆ.

"ಆತು ಯಪ್ಪಾ. ಮುಂದಿನ ಹುಡುಗ್ರು ಹಿಂದಕ ಬಂದ ಮ್ಯಾಲ ಬಾಯಿಗಿ ಬಂದಂಗ ಬೈದ್ರು."

"ಎಲ್ಲಾರೂ ಬೈದ್ರೇನು?"

ಪರಮಣ್ಣನಿಗೆ ನಾನು ಕೇಳುತ್ತಿರುವುದು ಏನೆಂದು ತಿಳಿಯಿತು. "ಬೈಯಾಕ ಎಲ್ಲಾರೂ ಇದ್ರು ಯಪ್ಪಾ" ಎಂದ.

ಒಳಗೆ ಕರೆಮ್ಮ ಎಡೆ ಮಾಡಿದಳು. ಪರಮಣ್ಣ ಏಳಲಿಲ್ಲ, ಉಗುರಿನಿಂದ ಕಟ್ಟೆಯ ಮಣ್ಣು ಕೆದರುತ್ತ ಕೇಳಿದ: "ನಂದು ತಪ್ಪಾತೇನ್ ಯಪ್ಪಾ?"

"ಅಂಗಿ ಬಿಚ್ಚು" ಎಂದೆ.

"ಯಾಕ?"

"ಬಿಚ್ಚಲೇ ಅಂದ್ರ ಬಿಚ್ಚು."

"ಉಂಡ ಮ್ಯಾಲ ನೋಡ್ರಿ ಮಾವಾ, ರೊಟ್ಟಿ ಆರ್ತದ" ಎಂದಳು ಕರೆಮ್ಮ. ಸುಮ್ಮನಿರು ಎಂದೆ. ಪಲ್ಟಣದಲ್ಲಿ ಹೇರು ಇಳಿಸಿದ ಮೇಲೆ ಮೊದಲು ಪ್ರಾಣಿಯ ಬೆನ್ನು ನೋಡಬೇಕು. ಅದಕ್ಕೆ ಮುಂಚೆ ಯಾರೂ ಅನ್ನ ಮುಟ್ಟುವ ಹಾಗಿಲ್ಲ.

"ಯಪ್ಪಾ, ನಾ ಕತ್ತಿ ಅಲ್ಲ."

"ಹೊತ್ತಾಂವ ಯಾರಲೇ ಮತ್ತ? ತಿರುಗು."

ತಿರುಗಿದ. ಎರಡು ಭುಜದ ಮೇಲೂ ಹಗ್ಗ ಕೊರೆದ ಗೆರೆ ಇತ್ತು. ಸೊಂಟದ ಮೇಲೆ, ಪೆಟ್ಟಿಗೆಯ ಅಂಚು ತಿಕ್ಕಿದ ಕಡೆ, ಅಂಗೈಯಗಲ ಚರ್ಮ ಹೋಗಿ ಮತ್ತೆ ಬಂದಿತ್ತು. ಬೆರಳಿನಿಂದ ಒತ್ತಿ ನೋಡಿದೆ. ಅದುರಲಿಲ್ಲ. ಇನ್ನೊಂದು ಬದಿ ಒತ್ತಿದೆ. ಅಲ್ಲೂ ಅದುರಲಿಲ್ಲ. ಕೀವಿಲ್ಲ, ಬಾವಿಲ್ಲ. ಸುಮ್ಮನೆ ಇನ್ನೊಂದು ಸಲ ಇಡೀ ಬೆನ್ನಿನ ಮೇಲೆ ಕೈ ಆಡಿಸಿದೆ.

ಗಾಯ ಮಾಗಿದೆ. ಊಟಕ್ಕೆ ಬಿಟ್ಟೆ.